ಬುಗುರಿ ಹುಡುಗಿಯರು ಹಗೇವಿಗೆ ಇಳಿದ ಮಳೆಗಾಲ

ಹಳೆಯ ಕಾಗದ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ. ತಕ್ಕಡಿಗಿಂತ ಮೊದಲು ಮೂಗು ಇಡಿ. ಒಣಗಿಯೇ ಹಳತಾದ ಕಾಗದಕ್ಕೆ ಬೆಲ್ಲದ ಗೋಣಿಯ ವಾಸನೆ ಇರುತ್ತದೆ. ಒಮ್ಮೆ ನೆಂದು ಒಣಗಿದ್ದಕ್ಕೆ ಹುಳಿ ವಾಸನೆ. ಹುಳಿ ಬಂದರೆ ಎದ್ದು ಬನ್ನಿ, ಪುಕ್ಕಟೆ ಕೊಟ್ಟರೂ ಬೇಡ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಒಳಗಲ್ಲಿಯಲ್ಲಿ ನನ್ನ ಸೀರೆ ಅಂಗಡಿ ಇದೆ. ಮನೆಮನೆಗೆ ಹೊತ್ತು ಮಾರಿದ ರವಿಕೆ ಬಟ್ಟೆಯ ಗಂಟಿನಿಂದ ಎದ್ದ ಅಂಗಡಿ ಅದು. ಸೀರೆಯ ಮಡಿಕೆಗಳ ನಡುವೆ ಇಡಲು ರದ್ದಿ ಬೇಕೇ ಬೇಕು, ಆರಿಸಲು ನಾನು ಬೇರೆ ಯಾರನ್ನೂ ಕಳಿಸುವುದಿಲ್ಲ.

ಮೊನ್ನೆ ಹಾಗೆ ಹೋದಾಗ ಒಂದು ಗಂಟಿನಿಂದ ಹುಳಿ ವಾಸನೆ ಬಂತು. ಏಳಬೇಕಿತ್ತು, ಏಳಲಾಗಲಿಲ್ಲ. ಗಂಟಿನ ಮೇಲಿದ್ದ ಬಣ್ಣದ ಹೊದಿಕೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಬುಗುರಿಯಂಥ ವಾಹನದ ಬಾಗಿಲಲ್ಲಿ ನಿಂತು, ಕೆಳಗಿನ ಕತ್ತಲಿಗೆ ಕಂದೀಲು ಹಿಡಿದಿದ್ದಳು. ಅವಳ ಗದ್ದ ನೀಲಿಯಾಗಿತ್ತು. ‘ಬುಗುರಿ ಹುಡುಗಿಯರು’, ಕೊನೆಯ ಸಂಚಿಕೆ.

“ಕ್ಯಾ ಹುವಾ ಅಕ್ಕಾ, ಮಾರಿ ಯಾಕ ಬೆಳ್ಳಗ ಆಯ್ತು?” ಎಂದ ರದ್ದಿ ಅಂಗಡಿಯ ಚಾಚಾ.

“ಏನಿಲ್ಲ. ಇದಕ್ಕೇನು ಹೇಳ್ತಿ?”

ಅವನು ಹೇಳಿದ. ನಾನು ಕೊಟ್ಟೆ. ಚಾಚಾ ನೋಟನ್ನೂ ನನ್ನನ್ನೂ ಒಂದೊಂದು ಸಲ ನೋಡಿ, “ಅರೇ, ಚೌಕಾಸಿ ಮಾಡ್ಲೇ ಇಲ್ಲ! ತಬಿಯತ್ತು ಬರೋಬ್ಬರಿ ಅದ ಇಲ್ಲೋ?” ಎಂದ.

ಬರೋಬ್ಬರಿ ಇರಲಿಲ್ಲ. ಕಾಲಡಿಯ ಫರಸಿಗಲ್ಲು ಅಲುಗಿದಂತಾಗಿ ಕೈ ತಾನಾಗಿ ಗೋಡೆ ಹುಡುಕಿತ್ತು. ಫರಸಿ ಅಲುಗಿರಲಿಲ್ಲ. ಗಲ್ಲಿಯಲ್ಲಿ ಒಂದು ಸರಕಿನ ಆಟೋ ಹೋಗಿತ್ತು, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಳೆಗಾಲ ಅದು. ನನ್ನ ತಂಗಿ ಗಂಗಾ ಕಮಲಾಪುರದಲ್ಲಿದ್ದಾಳೆ. ಗಂಡ ಶರಣಪ್ಪ ತೊಗರಿ ಬೆಳೆಯುತ್ತಾನೆ, ಒಂದಿಷ್ಟು ಕೆಂಪು ಬಾಳೆಯೂ ಇದೆ. ಅವರ ಒಬ್ಬಳೇ ಮಗಳು ಭಾಗಿ, ಆಗ ಐದನೆಯ ಇಯತ್ತೆ. ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಮನೆಯಲ್ಲಿ ನಾನೊಬ್ಬಳೇ. ಯಾರ ಮುಂದೆಯೂ ದರ ಇಳಿಸದವಳು ಭಾಗಿ “ದೊಡ್ಡವ್ವಾ” ಎಂದರೆ ಇಳಿದುಬಿಡುತ್ತೇನೆ. ಆ ಬೇಸಿಗೆಯಲ್ಲಿ ಅವಳು ನನ್ನ ಟ್ರಂಕು ತೆಗೆಸಿ, ನಾನೂ ಗಂಗಾಳೂ ಚಿಕ್ಕವರಿದ್ದಾಗ ಓದಿದ್ದ ಚಿತ್ರಕಥೆಯ ಪುಸ್ತಕಗಳನ್ನೆಲ್ಲ ಹೊತ್ತುಕೊಂಡು ಹೋಗಿದ್ದಳು.

ನಮ್ಮಪ್ಪ ದನದ ದಲಾಲಿ. ಸಂತೆಯಿಂದ ಬರುವಾಗ ತಿಂಡಿಯ ಬದಲು ಒಂದು ‘ಬುಗುರಿ ಹುಡುಗಿಯರು’ ತರುತ್ತಿದ್ದ. ಉಲ್ಕಾ, ಜ್ವಾಲಾ, ಪುಟ್ಟ ಚುಕ್ಕಿ ಎಂಬ ಮೂವರು ಹುಡುಗಿಯರಿಗೆ ತಾವೇ ಕಟ್ಟಿದ ತಿರುಗುವ ವಾಹನ. ಅದರಲ್ಲಿ ಕೂತು ಚಂದ್ರನಿಗೆ ಹೋಗಿದ್ದಾರೆ, ಸಮುದ್ರದ ತಳಕ್ಕೆ ಹೋಗಿದ್ದಾರೆ, ನಾಳೆಗೆ ಹೋಗಿ ನಿನ್ನೆ ಬಂದಿದ್ದಾರೆ. ಅಗ್ಗದ ಮುದ್ರಣ. ನೀಲಿ ಬಣ್ಣ ಗೆರೆ ದಾಟಿ ಹರಿದು ಉಲ್ಕಾಳ ಗದ್ದ ಯಾವಾಗಲೂ ನೀಲಿ. ಆ ಮೂವರನ್ನು ಯಾರೂ ರೊಟ್ಟಿ ಬಡಿಯಲು ಕರೆಯುತ್ತಿರಲಿಲ್ಲ. ನಮಗೆ ಚಂದ್ರನಿಗಿಂತ ಅದೇ ದೊಡ್ಡ ಸೋಜಿಗ.

ನಮಗೆ ಸಿಕ್ಕಿದ್ದರಲ್ಲಿ ಕೊನೆಯದು ‘ಭೂಗರ್ಭದ ಸದ್ದು’. ಅದರಲ್ಲಿ ನೆಲದ ಕೆಳಗೆ ಏನೋ ಒಂದು ಗುದ್ದುತ್ತದೆ, ಮೇಲೆ ಊರುಗಳು ಬೀಳುತ್ತವೆ. ದೊಡ್ಡವರೆಲ್ಲ ಓಡುವಾಗ ಉಲ್ಕಾ, “ಬಾಗಿಲು ಬಡಿಯುವವರಿಗೆ ಏನೋ ಬೇಕಾಗಿರುತ್ತದೆ, ಕೇಳೋಣ ಬನ್ನಿ” ಎಂದು ಬುಗುರಿಯನ್ನು ನೆಲದೊಳಕ್ಕೆ ತಿರುಗಿಸುತ್ತಾಳೆ. ಕಂದೀಲು, ಕತ್ತಲೆ. ಉಳಿದದ್ದು ಮುಂದಿನ ಸಂಚಿಕೆಯಲ್ಲಿ. ಆ ಮುಂದಿನದು ನಮ್ಮ ಸಂತೆಗೆ ಬರಲೇ ಇಲ್ಲ. ಕೆಳಗಿದ್ದದ್ದು ಏನು ಕೇಳಿತು ಎಂಬುದು ನಮಗೆ ಗೊತ್ತಾಗಲಿಲ್ಲ, ಭಾಗಿಗೂ ಆಗಲಿಲ್ಲ.

ಹೆಸರುಕಾಯಿ ಬಿಡಿಸುವ ಹೊತ್ತಿಗೆ ಕಮಲಾಪುರದ ನೆಲ ಗುದ್ದತೊಡಗಿತು.

ಮೊದಲ ಸಲ ನಾನು ಅಲ್ಲೇ ಇದ್ದೆ. ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಗುಡುಗು ಎಂದುಕೊಂಡೆ. ಆದರೆ ಗುಡುಗು ಕಿವಿಯಿಂದ ಬರುತ್ತದೆ. ಇದು ಕೂತ ಮಣೆಯಿಂದ ಬೆನ್ನುಹುರಿಗೆ ಹತ್ತಿತು. ಗೂಡಿನ ತಟ್ಟೆಗಳು ಒಂದಕ್ಕೊಂದು ಹಲ್ಲು ಕಡಿದವು. ತಾಟಿನ ಸಾರಿನಲ್ಲಿ ಸಣ್ಣ ಸಣ್ಣ ಅಲೆಯ ಬಳೆಗಳೆದ್ದವು. ಗಂಗಾ ರೊಟ್ಟಿ ಹಿಡಿದ ಕೈಯನ್ನು ಹಾಗೇ ಮೇಲೆತ್ತಿ ಕೂತಳು. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಅಂಜಿಕೆಯಾಯಿತು.

ನಮ್ಮ ಕಡೆಯ ಹಳೆಯ ಮನೆಗಳು ಗೊತ್ತಲ್ಲ: ಮಣ್ಣಿನಲ್ಲಿ ಕೂರಿಸಿದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು. ನೆಲ ಅಲುಗಿದರೆ ಅದರಷ್ಟು ಕೆಟ್ಟದ್ದು ಬೇರೊಂದಿಲ್ಲ. ಓಣಿಯ ಜನ ಶಾಲೆಯ ಬಯಲಿಗೆ ಹೊರಟರು. ಮಂಚ, ಮೇವು, ದೇವರ ಜಗಲಿಯ ಲಿಂಗ ಎಲ್ಲವೂ ಬಯಲಿಗೆ. ಕಚೇರಿಯವರು ಜೀಪಿನಲ್ಲಿ ಬಂದು, ಸಣ್ಣ ಕಂಪನ, ಹೆದರಬೇಡಿ ಎಂದು ಹೇಳಿ, ನಿಂತ ಕಾಲಲ್ಲೇ ಹೋದರು. ನಾನು ಕಲಬುರಗಿಯಿಂದ ತಾಡಪತ್ರಿ ತಂದೆ. ತಾಡಪತ್ರಿ ಕೊಳ್ಳುವಾಗ ಬಣ್ಣ ನೋಡಬೇಡಿ, ಅಂಚಿನ ಉಂಗುರಕ್ಕೆ ಬೆರಳು ಹಾಕಿ ಜಗ್ಗಿ ನೋಡಿ; ಮಳೆಗಾಳಿಗೆ ಮೊದಲು ಕಿತ್ತು ಬರುವುದು ಅದೇ.

“ನನ್ನ ಸಂಗಾಟ ಬಂದುಬಿಡ್ರಿ,” ಎಂದು ಗಂಗಾಳಿಗೆ ಹೇಳಿದೆ.

“ಎಮ್ಮಿ ಖೂಬಾ ಪ್ಲಾಟಿನಾಗ ಎಲ್ಲಿ ಕಟ್ಟಲಿ ಅಕ್ಕಾ, ನಿನ್ನ ಬಾಲ್ಕನ್ಯಾಗ?”

ನಗು ಬರಲಿಲ್ಲ ಇಬ್ಬರಿಗೂ. ಭಾಗಿಯನ್ನಾದರೂ ಕಳಿಸು ಎಂದೆ. ಭಾಗಿ ಬರಲಿಲ್ಲ, ಅವಳ ಗೆಳತಿ ಮುಕ್ತಾ ಅಲ್ಲಿದ್ದಳು. ಮುಕ್ತಾ ಪಕ್ಕದ ಮನೆಯ ಪೂಜಾರಿಗಳ ಮಗಳು, ಭಾಗಿಗಿಂತ ಚಿಕ್ಕವಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಹೆದರಿದಾಗ ಎರಡೂ. ಹೀಗಾಗಿ ನಾನೇ ಎರಡು ದಿನಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಮಹಾಗಾಂವ ದಾಟಿದರೆ ಸಾಕು, ಬಸ್ಸಿನಲ್ಲಿ ಮಾತು ನಿಲ್ಲುತ್ತಿತ್ತು. ಎಲ್ಲರ ಕಾಲೂ ಬಸ್ಸಿನ ನೆಲಕ್ಕೆ ಒತ್ತಿಕೊಂಡು ಕೂರುತ್ತಿದ್ದವು, ಅಲುಗುವುದು ಇಂಜಿನ್ನೋ ಭೂಮಿಯೋ ತಿಳಿಯಲು.

ಬಯಲಿನಲ್ಲಿ ಮಳೆ, ಒಳಗೆ ಕಲ್ಲು. ಹೆಂಗಸರು ರೊಟ್ಟಿಗೆ ಹಿಟ್ಟು ತರಲು ಮನೆಯೊಳಗೆ ಓಡಿಹೋಗಿ ಉಸಿರು ಬಿಡದೆ ಓಡಿಬರುತ್ತಿದ್ದರು. ಸದ್ದು ಬಂದಾಗಲೆಲ್ಲ ಮೊದಲು ಎಲ್ಲರೂ ಕುಕ್ಕರಿಸುವುದು, ಆಮೇಲೆ ಅವರವರ ಮಕ್ಕಳ ಹೆಸರು ಕೂಗುವುದು. ಹುಡುಗರು “ಇದ್ದೀನ್ ಯವ್ವಾ” ಎಂದು ಬೇಸರದಿಂದ ಹೇಳುತ್ತಿದ್ದರು. ಆ ಬೇಸರದ ದನಿ ಕೇಳಿದರೆ ಒಳಗೆ ತಂಪಾಗುತ್ತಿತ್ತು.

ಆ ತೇವದಲ್ಲಿ ಮಕ್ಕಳಿಗೆ ಹೊತ್ತು ಹೋಗಲೆಂದು ನಾನು ಭಾಗಿಗೂ ಮುಕ್ತಾಳಿಗೂ ಅಪ್ಪನ ವಿದ್ಯೆ ಕಲಿಸಿದೆ. ದನದ ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಒಪ್ಪಿಗೆಯಾದರೆ ಕೈ ಬಿಡುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ.

“ಬಾಯಿ ಯಾಕ ತೆರೀಬಾರ್ದು ದೊಡ್ಡವ್ವಾ?”

“ಮೊದಲ ಮಾತಾಡಿದವರದು ಕೈ ಕೆಳಗ ಆಗ್ತದ. ಸುಮ್ಮ ಕುಂತವರು ಗೆಲ್ತಾರ.”

“ಎದುರಿನವರೂ ಸುಮ್ಮ ಕುಂತ್ರ?”

“ಆಗ ಯಾರಿಗಿ ಹೆಚ್ಚು ಗರಜು ಅದ, ಅವರು ಸೋಲ್ತಾರ.”

ಅವಳು ಅದನ್ನು ನುಂಗಿಕೊಂಡಂತೆ ಕಂಡಳು. ಮುಕ್ತಾ ಮಾತ್ರ, “ಭೂಮಿಗೆ ಬೆರಳು ಇರ್ತಾವೇನ್ರಿ?” ಎಂದು ಕೇಳಿದಳು. ನಾನು ನಕ್ಕು ಅವಳ ಗಲ್ಲ ಹಿಂಡಿದೆ.

ಆ ದಿನ ಊಟ ಮುಗಿದಿತ್ತು, ಮಳೆ ಹೊಳವಾಗಿತ್ತು. ಗುದ್ದು ಬಂತು. ಹಿಂದಿನವೆಲ್ಲ ಇದರ ಮರಿ ಎನ್ನುವಂಥದ್ದು. ಬಯಲಿನಲ್ಲಿ ನಿಂತವರು ಕೂತೆವು, ಕೂತವರು ನೆಲ ಹಿಡಿದುಕೊಂಡರು. ಓಣಿಯ ಕಡೆಯಿಂದ ಮಣ್ಣು ಜಾರುವ ಸದ್ದು ಕೇಳಿಸಿತು. ಆಮೇಲೆ ಹೆಸರುಗಳು. ಎಲ್ಲರ ಮಕ್ಕಳೂ “ಇದ್ದೀನ್ ಯವ್ವಾ” ಎಂದವು. ಗಂಗಾ “ಭಾಗೀ” ಎಂದಳು. ಮುಕ್ತಾಳ ತಾಯಿ ಸುಧಾಬಾಯಿ “ಮುಕ್ತೇ” ಎಂದಳು. ಮತ್ತೆ ಕೂಗಿದರು. ಮೂರನೆಯ ಸಲ ಕೂಗುವಾಗ ಗಂಗಾಳ ದನಿ ನನ್ನ ತಂಗಿಯ ದನಿಯಾಗಿರಲಿಲ್ಲ.

ಮನೆಗೆ ಓಡಿದೆವು. ಹೊರಗೋಡೆಯ ಒಂದು ಮೂಲೆ ಕುಸಿದು ಅಂಗಳದಲ್ಲಿ ಹರಡಿತ್ತು. ಎಮ್ಮೆಯ ಗೂಟಕ್ಕೆ ಹಗ್ಗ ಕಟ್ಟಿತ್ತು. ಗಂಟು ಗಂಟು ಹಾಕಿದ ಹಗ್ಗ, ಏಣಿಯಂತೆ. ಅದರ ಇನ್ನೊಂದು ತುದಿ ಹಗೇವಿನ ಬಾಯಿಯ ಕಲ್ಲಿನಡಿ ಹೋಗಿತ್ತು.

ಹಗೇವು ನೋಡದವರಿಗೆ ಹೇಳುತ್ತೇನೆ. ಮೊದಲು ಜೋಳ ತುಂಬಿಡಲು ಅಂಗಳದಲ್ಲಿ ತೋಡುತ್ತಿದ್ದ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಗಡಿಗೆಯ ಹಾಗೆ. ಜೋಳ ಗೋಣಿಗೆ ಬಂದ ಮೇಲೆ ಯಾರೂ ತೆಗೆಯುವುದಿಲ್ಲ. ಇವರದು ಅರ್ಧ ಹೊಟ್ಟು, ಅರ್ಧ ಖಾಲಿ. ಮೇಲೊಂದು ದಪ್ಪ ಫರಸಿ. ಆ ಫರಸಿಯನ್ನು ಹುಡುಗಿಯರು ಹೇಗೋ ಸರಿಸಿ ಇಳಿದಿದ್ದರು. ಭೂಮಿ ಅದನ್ನು ಮತ್ತೆ ಸರಿಸಿ ಮುಚ್ಚಿತ್ತು, ಗೋಡೆಯ ಕಲ್ಲು ಅದರ ಮೇಲೆ ಕೂತಿತ್ತು. ಒಂದು ಕೈ ತೂರುವಷ್ಟು ಸಂದು ಉಳಿದಿತ್ತು. ಆ ಸಂದಿನಿಂದ ಹುಳಿ ವಾಸನೆ ಬರುತ್ತಿತ್ತು.

ಆ ವಾಸನೆ ಏನೆಂದು ನನಗೆ ಗೊತ್ತಿತ್ತು. ಮಳೆನೀರು ಇಳಿದು ಹೊಟ್ಟು ಕೊಳೆತರೆ ಹಗೇವಿನ ಗಾಳಿ ಸಾಯುತ್ತದೆ. ತಳದಲ್ಲಿ ನೀರಿನ ಹಾಗೆ ಮಡುಗಟ್ಟುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಳಿದವರು ನಿದ್ದೆ ಬಂದವರಂತೆ ಕೂರುತ್ತಾರೆ. ಅದಕ್ಕೇ ನಮ್ಮ ಹಿರಿಯರು ಮೊದಲು ಕಂದೀಲು ಇಳಿಸುತ್ತಿದ್ದರು; ದೀಪ ಆರಿದರೆ ಮನುಷ್ಯರು ಇಳಿಯುತ್ತಿರಲಿಲ್ಲ. ಇದನ್ನು ಓಣಿಯ ಪ್ರತಿಯೊಬ್ಬರೂ ಬಲ್ಲರು. ಬಳಕೆ ತಪ್ಪಿ ಹೋಗಿದ್ದರಿಂದ ಮಕ್ಕಳಿಗೆ ಹೇಳಲು ಯಾರಿಗೂ ನೆನಪಾಗಿರಲಿಲ್ಲ.

“ಜೇಸಿಬಿ ತರಿಸ್ರಿ!” ಎಂದರು ಯಾರೋ.

“ಜೇಸಿಬಿ ಬಂದ್ರ ಉಳದ ಗ್ವಾಡಿನೂ ಬೀಳ್ತದ,” ಎಂದೆ. ಶರಣಪ್ಪ ಹಾರೆ ಹಾಕಿ ಮೀಟಲು ಬಂದ. “ಏ ತಮ್ಮಾ, ನಿಲ್ಲು! ಜಾರಿದ್ರ ಫರಸಿ ಒಳಗ ಬೀಳ್ತದ. ಅವರ ತಲಿ ಮ್ಯಾಲೇ.”

ನಾನು ನೆಲಕ್ಕೆ ಬೋರಲು ಮಲಗಿ ಸಂದಿನಲ್ಲಿ ಬಾಯಿಟ್ಟು ಕೂಗಿದೆ. ಹಿಂದೆ ಗಂಗಾಳ ಅಳು, ಸುಧಾಬಾಯಿಯ “ಅಗೋ ಬಾಈ, ಅಗೋ ಬಾಈ”. ಒಳಗಿನಿಂದ ಏನೂ ಕೇಳಲಿಲ್ಲ. ಕೈ ಹಾಕಿದೆ. ಭುಜದವರೆಗೆ ಹಾಕಿದೆ. ಗಾಳಿ ಬೆಚ್ಚಗಿತ್ತು. ಬೆರಳು ಬರಿಯ ಕತ್ತಲೆಯನ್ನು ತಡವಿದವು. ನನ್ನ ಜೀವಮಾನದಲ್ಲಿ ಅಷ್ಟು ಖಾಲಿಯಾದದ್ದನ್ನು ನಾನು ಮುಟ್ಟಿಲ್ಲ.

ಆಮೇಲೆ ಒಂದು ಸಣ್ಣ ಕೈ ನನ್ನ ಕೈಗೆ ಬಂತು.

ಒದ್ದೆ, ತಣ್ಣಗೆ. ಭಾಗಿಯದು, ಹೆಬ್ಬೆರಳಿನ ಗಾಯದ ಕಲೆಯಿಂದ ಗುರುತಾಯಿತು. ಹೊಟ್ಟಿನ ಗುಡ್ಡೆ ಹತ್ತಿ ಕೈ ಎತ್ತಿದ್ದಳು. “ಭಾಗೀ, ಮುಕ್ತಾ ಎಲ್ಲಿ ಅದಾಳ?” ಎಂದು ಕೂಗಿದೆ. ಉತ್ತರವಿಲ್ಲ, ನಿದ್ದೆಗಣ್ಣಿನವರ ನರಳಿಕೆಯಷ್ಟೇ. ಮಾತು ಅವಳ ಬಾಯಲ್ಲಿ ಉಳಿದಿರಲಿಲ್ಲ. ಆಗ ನಾನು ಅವಳ ಒಂದು ಬೆರಳು ಹಿಡಿದು ಒತ್ತಿ ಬಿಟ್ಟೆ. ಎರಡು ಹಿಡಿದು ಒತ್ತಿ ಬಿಟ್ಟೆ. ಎಷ್ಟು ಮಂದಿ ಇದ್ದೀರಿ, ಹೇಳು. ಒಬ್ಬಳೋ? ಇಬ್ಬರೋ?

ತಡವಾಯಿತು. ಆ ತಡದಲ್ಲಿ ನಾನು ಯಾವ ದೇವರನ್ನು ನೆನೆದೆನೋ ಗೊತ್ತಿಲ್ಲ. ಆಮೇಲೆ ಅವಳ ಬೆರಳು ನನ್ನ ಬೆರಳನ್ನು ಹುಡುಕಿ ಹಿಡಿದವು. ಮೂರು.

“ಮೂರು ಮಂದಿ ಅದಾರ!” ಎಂದೆ.

ಅಂಗಳದಲ್ಲಿ ಚೀರಾಟವಾಯಿತು. ಇದೀಗ ಮಕ್ಕಳನ್ನು ಕರೆದು ಖಾತ್ರಿ ಮಾಡಿಕೊಂಡ ತಾಯಂದಿರೆಲ್ಲ ಮತ್ತೆ ಬಯಲಿಗೆ ಓಡಿದರು, ಮುಟ್ಟಿ ನೋಡಲು. ಮೂರನೆಯದು ಯಾರದು? ಯಾವ ಮನೆಯದು? ಓಣಿಯ ಪ್ರತಿ ಮನೆಗೂ ಆ ಹೊತ್ತು ಒಂದು ಮಗು ಕಡಿಮೆಯಾಗಿತ್ತು.

ನಾನು ಕೈ ಹೊರತೆಗೆಯದೆ ಮಲಗಿದಲ್ಲಿಂದಲೇ ಗಂಡಸರಿಗೆ ಹೇಳಿದೆ: ಎತ್ತಬೇಡಿ, ಎಳೆಯಿರಿ. ಮೇಲಿನ ಕಲ್ಲು ಒಂದೊಂದೇ ತೆಗೆದರು. ನೊಗದ ಹಗ್ಗವನ್ನು ಫರಸಿಗೆ ಸುತ್ತಿದರು. ಗೋಡೆಯಿಂದ ದೂರಕ್ಕೆ, ಕೊಟ್ಟಿಗೆಯ ಕಡೆಗೆ, ಅಡ್ಡಡ್ಡ ಎಳೆಯಬೇಕು. ಎಳೆಯುವಾಗ ಭಾಗಿ ಕಲ್ಲಿನ ಕೆಳಗಿರಬಾರದು, ಹಿಂದೆ ಸರಿಯಬೇಕು. ಹಿಂದಕ್ಕೆ ಸರಿ ಎಂದು ಕೂಗಿದೆ. ಅವಳು ಸರಿಯಲಿಲ್ಲ. ಹಿಡಿದ ಕೈ ಬಿಗಿ ಮಾಡಿದಳು.

“ಅಕ್ಕಾ, ಕೈ ತೆಗಿ! ಕಲ್ಲು ಹೊಳ್ಳಿದ್ರ ನಿನ್ನ ಕೈ ಹೋಗ್ತದ!” ಎಂದ ಶರಣಪ್ಪ.

ಕೈ ಹೋದರೆ ಹೋಗಲಿ ಎನ್ನಿಸಿತ್ತು. ಆದರೆ ಕೈ ಬಿಡದೆ ಅವಳು ಹಿಂದೆ ಹೋಗುವುದಿಲ್ಲ. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಿರುಬೆರಳು ಕೊನೆಗೆ ಬಿಟ್ಟಿತು. ಹೊಟ್ಟು ಜಾರುವ ಸದ್ದು, ಮೆಲ್ಲಗೆ, ಕೆಳಗೆ, ಇನ್ನೂ ಕೆಳಗೆ. ಆ ಕೆಟ್ಟ ಗಾಳಿಯೊಳಕ್ಕೆ ಅವಳನ್ನು ನಾನೇ ಕಳಿಸಿದ್ದೆ.

“ಎಳೀರಿ!”

ಫರಸಿ ಒಮ್ಮೆ ಕಿರುಗುಟ್ಟಿತು, ನಿಂತಿತು, ಆಮೇಲೆ ಒಮ್ಮೆಲೇ ಜಾರಿ ಬಂತು. ಶರಣಪ್ಪ ಹಾರಲು ಹೋದ. ಅಂಗಿಯ ಹಿಂಭಾಗ ಹಿಡಿದು ಜಗ್ಗಿದೆ. “ಕಂದೀಲು ಮೊದಲು! ನೀ ಅಲ್ಲೇ ಮಲಗಿದ್ರ ಮೂರಕ್ಕ ನಾಕು ಆಗ್ತಾರ!” ಬೈಯುತ್ತಲೇ ಇದ್ದ ಅವನು, ನಾನು ಬಿಡಲಿಲ್ಲ. ಕಂದೀಲು ಇಳಿಯಿತು. ಜ್ವಾಲೆ ಸಣ್ಣದಾಯಿತು, ನೀಲಿಯಾಯಿತು, ತಳಕ್ಕೆ ಹೋಗುವ ಮೊದಲೇ ಆರಿತು. ಹೆಂಗಸರು ಮೊರ ತಂದರು, ತಾಡಪತ್ರಿ ತಂದು ಬೀಸಿದರು. ಎಲ್ಲರ ತೋಳೂ ಸೋಲುವಂತೆ ಗಾಳಿ ಹೊಡೆದೆವು. ಮತ್ತೆ ಕಂದೀಲು ಇಳಿಸಿದೆವು. ಈ ಸಲ ಮಿಣುಕಿತು, ಆದರೆ ಉಳಿಯಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಶರಣಪ್ಪ ಇಳಿದ.

ಮೊದಲು ಭಾಗಿಯನ್ನು ಎತ್ತಿಕೊಟ್ಟ. ಕಣ್ಣು ತೆರೆದಿದ್ದಳು, ನೋಡುತ್ತಿರಲಿಲ್ಲ. ಆಮೇಲೆ ಮುಕ್ತಾ, ನೆಂದ ಸೀರೆಯ ಹಾಗೆ ಎರಡೂ ಕಡೆ ಜೋತು. ಮೂರನೆಯದಕ್ಕೆ ಎಲ್ಲರೂ ಬಗ್ಗಿದೆವು. ಶರಣಪ್ಪ ಎತ್ತಿ ಹಿಡಿದದ್ದು ಒಂದು ಆಡಿನ ಮರಿ. ಕೊರಳಿಗೆ ನೀಲಿ ರಿಬ್ಬನ್ನು ಕಟ್ಟಿದ್ದರು. ಬುಗುರಿಯಲ್ಲಿ ಮೂವರು ಇರಬೇಕಲ್ಲ, ಅದು ಚುಕ್ಕಿ. ತೀರಾ ತಳದಲ್ಲಿ ಮಲಗಿತ್ತು. ಸತ್ತಿತ್ತು.

ಯಾರೂ ನಗಲಿಲ್ಲ. ಸುಧಾಬಾಯಿ ಮಗಳ ಮುಖಕ್ಕೆ ಮುಖ ಒತ್ತಿ, ಉಸಿರು ಇದೆಯೋ ಇಲ್ಲವೋ ಎಂದು ಕೇಳುತ್ತಿದ್ದಳು, ಮಗಳನ್ನೇ ಕೇಳುತ್ತಿದ್ದಳು.

ಬಾಳೆ ಸಾಗಿಸುವ ಟೆಂಪೋದಲ್ಲಿ ಕಲಬುರಗಿಗೆ ಹೊರಟೆವು. ಮಳೆ ಮತ್ತೆ ಹಿಡಿಯಿತು. ಭಾಗಿ ನನ್ನ ತೊಡೆಯ ಮೇಲೆ, ಮುಕ್ತಾ ತಾಯಿಯ ತೊಡೆಯ ಮೇಲೆ. ಭಾಗಿಯ ಅಂಗಿಯೊಳಗೆ ಏನೋ ಗಟ್ಟಿಯಾಗಿ ಚುಚ್ಚಿತು. ತೆಗೆದರೆ ‘ಭೂಗರ್ಭದ ಸದ್ದು’, ನೆಂದು ಹುಳಿ ನಾರುತ್ತಿತ್ತು. ಮಹಾಗಾಂವ ಬರುವ ಹೊತ್ತಿಗೆ ಮುಕ್ತಾ ಕೆಮ್ಮಿದಳು, ತಾಯಿಯ ಮಡಿಲ ತುಂಬ ವಾಂತಿ ಮಾಡಿಕೊಂಡಳು, ಕಣ್ಣು ತೆರೆದು, “ಆಈ, ಬೈಬ್ಯಾಡ” ಎಂದಳು. ಸುಧಾಬಾಯಿ ಆ ವಾಂತಿಯನ್ನು ಸೆರಗಿನಿಂದ ಒರೆಸಲೂ ಇಲ್ಲ. ಹಾಗೇ ಅಪ್ಪಿಕೊಂಡು ಕೂತಳು.

ಆಸ್ಪತ್ರೆಯಲ್ಲಿ, ಮೂಗಿನ ನಳಿಕೆ ತೆಗೆದ ಮೇಲೆ, ಭಾಗಿ ಮೊದಲು ಕೇಳಿದ್ದು ಚುಕ್ಕಿಯನ್ನು. ಮನೆಯಲ್ಲಿದೆ ಎಂದೆ. ಆಮೇಲೆ ನಾನು ಕೇಳಿದೆ.

“ಯಾಕ ಇಳದ್ರಿ ಬಂಗಾರಾ?”

“ಚೌಕಾಸಿ ಮಾಡ್ಲಾಕ.”

“ಯಾರ ಕೂಡ?”

“ಕೆಳಗ ಗುದ್ದತದಲ್ಲ, ಅದರ ಕೂಡ. ನಾ ಮೊದಲ ಸುಮ್ಮ ಕುಂತೆ, ನೀ ಕಲಿಸಿದಂಗ. ಆಮ್ಯಾಲ ದೊಡ್ಡದು ಕೇಳ್ದೆ. ಇಡೀ ಜಿಲ್ಲಾ ಬಿಡು ಅಂದೆ. ಒಪ್ಪಲಿಲ್ಲ. ಕಮಲಾಪುರ ಅಷ್ಟೇ ಬಿಡು ಅಂದೆ. ಆಮ್ಯಾಲ ನಮ್ಮ ಓಣಿ. ಆಮ್ಯಾಲ ನಮ್ಮ ಮನಿ, ಮುಕ್ತಾನ ಮನಿ ಎರಡೇ.”

“ಅದೇನಂತು?”

“ಏನೂ ಅನ್ಲಿಲ್ಲ ದೊಡ್ಡವ್ವಾ. ಸುಮ್ಮ ಕುಂತಿತ್ತು.”

ಅವಳ ಕೈ ನನ್ನ ಕೈಯಲ್ಲಿತ್ತು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ಹಗೇವನ್ನು ಮಣ್ಣು ತುಂಬಿ ಮುಚ್ಚಿಸಿದೆ; ಓಣಿಯ ಉಳಿದ ಹಗೇವುಗಳನ್ನೂ ಜಗಳವಾಡಿ ಮುಚ್ಚಿಸಿದೆ. ನಿಮ್ಮ ಅಂಗಳದಲ್ಲಿ ಇದ್ದರೆ ಇವತ್ತೇ ತುಂಬಿಸಿ. ಚೆನ್ನಾಗಿ ತುಳಿಸಿ, ಒಂದು ಮಳೆ ಬಿಟ್ಟು ಮತ್ತೆ ತುಂಬಿಸಿ. ಚಳಿಗಾಲದ ಹೊತ್ತಿಗೆ ಗುದ್ದು ನಿಂತಿತು. ಜನ ಮಂಚ ಹೊತ್ತು ಒಳಗೆ ಹೋದರು.

ರದ್ದಿಯಲ್ಲಿ ಸಿಕ್ಕ ಕೊನೆಯ ಸಂಚಿಕೆಯನ್ನು ನಿನ್ನೆ ಕಮಲಾಪುರಕ್ಕೆ ಒಯ್ದೆ. ಭಾಗಿ ಈಗ ಕಾಲೇಜಿಗೆ ಹೋಗುತ್ತಾಳೆ, ನನಗಿಂತ ಎತ್ತರ. ನಾನು ಓದಿರಲಿಲ್ಲ, ಧೈರ್ಯವಾಗಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು ಮೌನವಾಗಿ ಓದಿ ಮುಗಿಸಿದಳು. ಗಂಗಾ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಂದಿನಿಂದ ಕಾದವಳು.

“ಏನ್ ಕೇಳ್ತಂತ ಅದು?” ಎಂದಳು ಗಂಗಾ.

“ಅದಕ್ಕ ಒಂದೇ ಇದ್ದು ಬ್ಯಾಸರ ಆಗಿತ್ತಂತ. ಉಲ್ಕಾ ಕೂಡ ಮಾತಾಡಿ ಖುಷಿ ಆಗಿ ಮಲಗ್ತದ.” ಭಾಗಿ ಪುಸ್ತಕ ಮುಚ್ಚಿದಳು. “ಕಥಿಯೊಳಗ ಅದು ಮಾತಾಡ್ತದ, ದೊಡ್ಡವ್ವಾ.”

ಗಂಗಾ ನಗುತ್ತ ಒಳಗೆ ಹೋದಳು. ಭಾಗಿ ನಗಲಿಲ್ಲ. ಕಟ್ಟೆಯಿಂದ ಇಳಿದು ನನ್ನ ಪಕ್ಕ ಬಂದು ಕೂತಳು. ನಾನು ಆಗಲೇ ಚಪ್ಪಲಿ ಬಿಟ್ಟಿದ್ದೆ. ಹಗೇವು ಇದ್ದ ಜಾಗದಲ್ಲಿ ಮಣ್ಣು ಒಂದಿಷ್ಟು ತಗ್ಗಿದೆ, ಮಳೆನೀರು ನಿಂತಿದೆ. ಇಬ್ಬರೂ ಬರಿಗಾಲು ನೆಲಕ್ಕೆ ಊರಿ, ಮಾತಾಡದೆ, ಆ ನೀರನ್ನೇ ನೋಡುತ್ತ ಕೂತೆವು, ಅದರಲ್ಲಿ ಅಲೆಯ ಬಳೆ ಏಳುತ್ತದೋ ಎಂದು.